ಹಗ್ಗ ಬಿಚ್ಚುವ ಮುನ್ನ

ಕೋರಾಡಿಯ ಹೆಸರು ಕೇಳಿದವರಿಗೆ ಉಷ್ಣವಿದ್ಯುತ್ ಸ್ಥಾವರದ ಚಿಮಣಿಗಳು ನೆನಪಾಗುತ್ತವೆ, ಇಲ್ಲವೇ ಮಹಾಲಕ್ಷ್ಮಿ ಜಗದಂಬೆಯ ಗುಡಿ. ಬೇಟೆನಾಯಿ ಯಾರಿಗೂ ನೆನಪಾಗಲಿಕ್ಕಿಲ್ಲ. ಆದರೆ ನಾಗಪುರದ ಉತ್ತರದಲ್ಲಿರುವ ಈ ಊರನ್ನು ದಾಟಿದರೆ ಸೋಯಾಬೀನ್, ಹತ್ತಿ, ತೊಗರಿ, ಕಡಲೆಯ ಹೊಲಗಳು ಶುರುವಾಗುತ್ತವೆ. ಅದೇ ದಿಕ್ಕಿನಲ್ಲಿ ಇನ್ನೂ ಮುಂದೆ ಹೋದರೆ ಪೆಂಚ್ ಕಾಡು. ಮರಾಠಿಯವರು ರಾನ್‌ಡುಕ್ಕರ್ ಎನ್ನುವ ಕಾಡುಹಂದಿ ವಿದರ್ಭದ ರೈತರ ನಿದ್ದೆ ಕೆಡಿಸಿದ ಪ್ರಾಣಿ. ಅದನ್ನು ತಡೆಯಲು ಹೊಲದ ಸುತ್ತ ಕರೆಂಟಿನ ಪೆಟ್ಟು ಕೊಡುವ ಝಟಕಾ ಮಶೀನಿನ ತಂತಿ ಎಳೆಯುತ್ತಾರೆ, ರಾತ್ರಿ ಜಾಗಲಿಗೆ, ಅಂದರೆ ಹೊಲ ಕಾಯಲು ಹೋಗಿ ಅಟ್ಟಣೆಯ ಮೇಲೆ ಕೂರುತ್ತಾರೆ, ಜೊತೆಗೆ ನಾಯಿಯನ್ನೂ ಕರೆದೊಯ್ಯುತ್ತಾರೆ. ಹಂದಿಯ ಕೋರೆ ನಾಯಿಯ ಹೊಟ್ಟೆ ಸೀಳಿದಾಗಲೇ ಪಶುವೈದ್ಯರ ನೆನಪಾಗುವುದು. ಬೇರೆ ದೇಶಗಳಲ್ಲಿ ಹಂದಿ ಬೇಟೆಯ ನಾಯಿಗಳಿಗೆ ತೊಡಿಸುವ ದಪ್ಪ ಕವಚ ನಮ್ಮ ನಾಯಿಗಳಿಗೂ ಬೇಕೇ, ಬೇಕಾದರೆ ಯಾವಾಗ ಎಂಬುದು ಇಲ್ಲಿಯ ಪ್ರಶ್ನೆ. ಎರಡೂ ಕಡೆ ಹುರುಳಿರುವುದರಿಂದ ಇದನ್ನು ಇಬ್ಬರ ಬಾಯಲ್ಲಿ ಹೇಳಿಸುತ್ತಿದ್ದೇನೆ. ಒಬ್ಬರು ಮಲೆನಾಡಿನಿಂದ ಬಂದು ವಿದ್ಯುತ್ ಸ್ಥಾವರದಲ್ಲಿ ದುಡಿದು ಕೋರಾಡಿಯಲ್ಲೇ ನೆಲೆಸಿದ ಹಿರಿಯರು. ಇನ್ನೊಬ್ಬ ಮುಧೋಳದ ಕಡೆಯ ಹುಡುಗ, ನಾಗಪುರದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿರುವವನು.

ಹಿರಿಯರು: ಅಲ್ಲ ಮಾರಾಯ, ಬೇಟೆಯೇ ಇಲ್ಲದ ದೇಶದಲ್ಲಿ ಬೇಟೆನಾಯಿಗೆ ಅಂಗಿ ಹೊಲಿಸುವ ಮಾತೇಕೆ? 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಕೋವಿ ಹಿಡಿದು ಕಂಡಿ ಕಾಯುವುದೂ ಮುಗಿಯಿತು, ನಾಯಿ ಬಿಟ್ಟು ಸೋವು ಹೊಡೆಯುವುದೂ ಮುಗಿಯಿತು. ಆ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದೊಂದೇ ಅಲ್ಲ. ಅಟ್ಟುವುದು, ಬೆನ್ನಟ್ಟುವುದು, ಉರುಳೊಡ್ಡುವುದು ಎಲ್ಲವೂ ಬೇಟೆಯೇ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಬೆಳೆ ತಿನ್ನುವ ಹಂದಿಯನ್ನು ಕೊಲ್ಲಬೇಕಾದರೂ 11ನೇ ಸೆಕ್ಷನ್ನಿನ ಕೆಳಗೆ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. ನಾಯಿಗೆ ಕವಚ ತೊಡಿಸುವವನು ಅದನ್ನು ಹಂದಿಯ ಮೇಲೆ ಬಿಡಲು ಮೊದಲೇ ತಯಾರಾಗಿದ್ದಾನೆ ಅಂತಲೇ ಅರ್ಥ. ಪೊಲೀಸರು ಕೇಳಿದರೆ ಆ ಕವಚವೇ ಸಾಕ್ಷಿಯಾಗುತ್ತದೆ.

ಕಿರಿಯ: ಬೇಟೆ ನಿಂತಿರಬಹುದು ಕಾಕಾ, ನಾಯಿಯ ರಕ್ತ ನಿಂತಿಲ್ಲ. ನಮ್ಮ ಮುಧೋಳದ ನಾಯಿಯನ್ನೇ ನೋಡಿ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಅವರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಈ ತಳಿಯ ನಾಯಿಗಳನ್ನು ಕಾಣಿಕೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಚೀಟಿ ತಂದಿತು. ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಶ್ವಾನ ಸಂಶೋಧನಾ ಕೇಂದ್ರ ಇದೆ, ಸೈನ್ಯವೂ ಇದನ್ನು ತಗೊಂಡು ಪರೀಕ್ಷೆಗೆ ಹಚ್ಚಿದೆ. ಇಷ್ಟೆಲ್ಲ ಆದರೂ ಹೊಲದಂಚಿನಲ್ಲಿ ಮೊಲ ಎದ್ದರೆ ಈ ನಾಯಿ ಕಾಯ್ದೆ ಓದಿ ಓಡುವುದಿಲ್ಲ. ಜಾಗಲಿಗೆ ಹೋದ ಕಂತ್ರಿ ನಾಯಿಯೂ ಅಷ್ಟೇ. ಹಂದಿ ಬೇಲಿ ನುಗ್ಗಿದರೆ ಮಾಲೀಕನ ಹುಕುಂಗೆ ಕಾಯದೆ ಮೈಮೇಲೆ ಬೀಳುತ್ತದೆ. ಅಪ್ಪಣೆ ಇಲ್ಲದೆ ಹಂದಿಯನ್ನು ಅಟ್ಟಿಸಿಕೊಂಡು ಹೋಗುವುದು ತಪ್ಪು ಅನ್ನುವುದರಲ್ಲಿ ನನಗೂ ತಕರಾರಿಲ್ಲ. ಆದರೆ ಹೊಲ ಕಾಯುವ ನಾಯಿ, ಕುರಿಹಟ್ಟಿಯ ನಾಯಿ, ಅರಣ್ಯ ಇಲಾಖೆಯ ನಾಯಿ, ಸೈನ್ಯದ ನಾಯಿ ಇವೆಲ್ಲ ಕಾಯ್ದೆಯೊಳಗೇ ದುಡಿಯುತ್ತವೆ, ಕಾಯ್ದೆಯೊಳಗೇ ಸಾಯುತ್ತವೆ. 2022ರ ಅಕ್ಟೋಬರಿನಲ್ಲಿ ಅನಂತನಾಗ್‌ನಲ್ಲಿ ಗುಂಡು ತಿಂದು ಆಮೇಲೆ ಸತ್ತ ಸೈನ್ಯದ ನಾಯಿ ಜೂಮ್, 2024ರ ಅಕ್ಟೋಬರಿನಲ್ಲಿ ಅಖ್ನೂರಿನಲ್ಲಿ ಸತ್ತ ಫ್ಯಾಂಟಮ್, ಇವುಗಳ ಸುದ್ದಿ ನೀವೂ ಓದಿದ್ದೀರಿ. ಕವಚದ ಪ್ರಶ್ನೆ ಈ ನಾಯಿಗಳದ್ದು.

ಹಿರಿಯರು: ಸರಿ, ಕಾಯ್ದೆಯನ್ನು ಪಕ್ಕಕ್ಕಿಡೋಣ. ನೀನೇ ಎತ್ತಿದ ಮುಧೋಳವನ್ನು ತಗೋ. ಅದರ ರಕ್ಷಣೆ ಯಾವುದು? ಕಾಲು. ಆಳವಾದ ಎದೆ, ಒಳಗೆ ಹೋದ ಹೊಟ್ಟೆ, ಉದ್ದ ಕಾಲು, ಮೈಮೇಲೆ ಕೊಬ್ಬಿನ ಹೆಸರೇ ಇಲ್ಲ. ಇಪ್ಪತ್ತೈದು ಕಿಲೋ ತೂಗುವ ನಾಯಿಗೆ ಒಂದು ಕಿಲೋ ಕವಚ ಅಂತಿಟ್ಟುಕೋ, ಅರವತ್ತು ಕಿಲೋ ಮನುಷ್ಯನ ಮೈಮೇಲೆ ಸುಮಾರು ಎರಡೂವರೆ ಕಿಲೋ ಹೇರಿದ ಹಾಗಾಯಿತು. ಅದನ್ನು ಹೊತ್ತು ನಡೆಯಬಹುದು. ಓಡುತ್ತ ಓಡುತ್ತ ಗಕ್ಕನೆ ತಿರುಗಬೇಕು, ಬೇಲಿ ಹಾರಬೇಕು, ಕೋರೆ ಬೀಸಿದಾಗ ಅರೆಗಳಿಗೆಯಲ್ಲಿ ಪಕ್ಕಕ್ಕೆ ಸರಿಯಬೇಕು, ಅದು ಹೇಗಾಗುತ್ತದೆ? ಹಂದಿಗೆ ಸಿಗದೆ ಇರುವ ನಾಯಿಯನ್ನು ಹಂದಿಗೆ ಸಿಗುವ ನಾಯಿ ಮಾಡಿ, ಆಮೇಲೆ ಸಿಕ್ಕರೂ ಸಾಯದ ಹಾಗೆ ಮಾಡಿದೆ ಅಂತ ಹೇಳುವುದರಲ್ಲಿ ಯಾವ ಜಾಣತನವಿದೆ?

ಕಿರಿಯ: ಮೊಲದ ಹಿಂದೆ ಓಡುವ ನಾಯಿಗೆ ಕವಚ ಬೇಡ ಅಂತ ನಾನೂ ಹೇಳುತ್ತೇನೆ. ಮೊಲ ತಿರುಗಿ ಬೀಳುವುದಿಲ್ಲ. ಅಲ್ಲಿ ನಾಯಿಯನ್ನು ಗಾಯ ಮಾಡುವುದು ಬೇಲಿಯ ತಂತಿ, ಬಳ್ಳಾರಿ ಜಾಲಿಯ ಮುಳ್ಳು. ಮುಧೋಳದ ಚರ್ಮ ತೆಳ್ಳಗಿರುವುದರಿಂದ ಸಣ್ಣ ತಂತಿಗೂ ಉದ್ದಕ್ಕೆ ಹರಿಯುತ್ತದೆ, ನಿಜ. ಆದರೆ ಹೊಲಿದರೆ ಕೂಡುತ್ತದೆ. ಹಂದಿಯ ಲೆಕ್ಕ ಬೇರೆ. ಗಂಡುಹಂದಿಯ ಕೆಳದವಡೆಯ ಕೋರೆ ಮೇಲಿನ ಕೋರೆಗೆ ಉಜ್ಜಿ ಉಜ್ಜಿ ತಾನೇ ಮಸೆದುಕೊಳ್ಳುತ್ತದೆ. ಅದು ತಲೆ ತಗ್ಗಿಸಿ ಕೆಳಗಿನಿಂದ ಮೇಲಕ್ಕೆ ಎತ್ತಿ ಹೊಡೆಯುತ್ತದೆ, ಹಾಗಾಗಿ ಏಟು ಬೀಳುವುದು ನಾಯಿಯ ಎದೆ, ಪಕ್ಕೆ, ಹೊಟ್ಟೆ, ತೊಡೆಯ ಸಂದಿಗೆ. ಹೊರಗೆ ಎರಡು ಬೆರಳಗಲದ ತೂತು ಕಾಣುತ್ತದೆ, ಒಳಗೆ ಚರ್ಮ ಮಾಂಸದಿಂದ ಬೇರ್ಪಟ್ಟು ಚೀಲದಂತಾಗಿರುತ್ತದೆ. ಮೇಲಿಂದ ಅರಿಶಿನ ಹಚ್ಚಿ ಬಿಟ್ಟರೆ ಆ ಚೀಲದೊಳಗೆ ಕೀವು ಕಟ್ಟುತ್ತದೆ. ಎದೆಗೂಡಿಗೆ ತೂತು ಬಿದ್ದರಂತೂ ಉಸಿರು ನಿಲ್ಲಲು ಬಹಳ ಹೊತ್ತು ಬೇಡ. ಕವಚ ಮುಚ್ಚುವುದು ಸರಿಯಾಗಿ ಈ ಜಾಗವನ್ನೇ. ಜರ್ಮನಿಯಲ್ಲಿ 16, 17ನೇ ಶತಮಾನದಲ್ಲೇ ಹಂದಿ ಬೇಟೆಯ ನಾಯಿಗಳಿಗೆ ಒಳಗೆ ತುಂಬಿ ದಪ್ಪಗೆ ಹೊಲಿದ ಅಂಗಿ ತೊಡಿಸುತ್ತಿದ್ದರು. ಈಗ ಕೆವ್ಲಾರ್ ಎಂಬ ಗಟ್ಟಿ ನೂಲು ಬಂದಿದೆ, ಅಷ್ಟೇ. ಅವರಿಗೆ ನಾಯಿಯ ವೇಗದ ಬೆಲೆ ಗೊತ್ತಿರಲಿಲ್ಲವೇ?

ಹಿರಿಯರು: ಜರ್ಮನಿಗೆ ಯಾಕೆ ಹೋಗುತ್ತೀ, ನಮ್ಮ ಮದ್ದೂರು ತಾಲ್ಲೂಕಿನ ಆತಕೂರು ಇಲ್ಲವೇ? ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲಂನಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಕಾಲ, ಶಕ 872, ಅಂದರೆ ಕ್ರಿ.ಶ. 949-50. ಆ ಯುದ್ಧದಲ್ಲಿ ಮೆರೆದ ಮಣಲೇರ ತನ್ನ ಒಡೆಯ ಬೂತುಗನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಬೆಳತೂರಿನ ಪಡುವಣದ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ನಾಯಿ ಹಂದಿಯ ಮೇಲೆ ಬಿದ್ದಿರುವ ಕೆತ್ತನೆ ಅದರಲ್ಲಿದೆ. ಯುದ್ಧವನ್ನೇ ಬದುಕಾಗಿಸಿಕೊಂಡ ಆ ಜನಕ್ಕೆ ಕವಚ ಅಂದರೆ ಏನೆಂದು ಗೊತ್ತಿರಲಿಲ್ಲವೇ? ಬಹುಮಾನವಾಗಿ ನಾಯಿಯನ್ನೇ ಕೇಳಿ ಪಡೆದವನಿಗೆ ನಾಯಿಯ ಬೆಲೆ ತಿಳಿಯದೆ ಹೋಗುತ್ತದೆಯೇ? ಮೈ ಮುಚ್ಚಿದರೆ ಕಾಳಿ ಕಾಳಿಯಾಗಿ ಉಳಿಯುವುದಿಲ್ಲ ಅಂತ ಅವರು ಅರಿತಿದ್ದರು.

ಕಿರಿಯ: ಆ ಶಾಸನದಲ್ಲಿ ಇನ್ನೊಂದು ಮಾತಿದೆ ಕಾಕಾ. ಗುಡಿಯ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಟ್ಟುತ್ತದಂತೆ. ನನಗೆ ಅದನ್ನು ಓದಿದಾಗೆಲ್ಲ ಒಂದು ಸಂಶಯ ಏಳುತ್ತದೆ. ನಾಯಿ ಮಾಡಿದ ಪಾಪ ಯಾವುದು? ಹಂದಿ ಕೊಂದದ್ದೇ ಇರಬೇಕು. ಕೊಲ್ಲಲು ಬಿಟ್ಟವನು ಮಣಲೇರ. ಪಾಪದ ಲೆಕ್ಕ ನಾಯಿಯ ಖಾತೆಯಲ್ಲಿ, ಅದನ್ನು ತೀರಿಸುವ ಹೊಣೆ ಪೂಜಾರಿಯ ಕುತ್ತಿಗೆಗೆ. ಹಗ್ಗ ಬಿಚ್ಚಿದ ಕೈಯ ಹೆಸರು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಸತ್ತ ಮೇಲಿನ ಗೌರವ ದೊಡ್ಡದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಕವಚ ತೊಡಿಸಲಿಲ್ಲ ಅನ್ನುವುದರಿಂದ ಕವಚ ಬೇಡವೆಂದು ಯೋಚಿಸಿ ಬಿಟ್ಟರು ಅಂತ ಆಗುವುದಿಲ್ಲ. ವೀರ ಸಾಯಬೇಕು, ಕಲ್ಲು ನಿಲ್ಲಬೇಕು ಎನ್ನುವ ಕಾಲ ಅದು. ಮನುಷ್ಯರ ಸಾವನ್ನೇ ಹಾಗೆ ಕಂಡವರು ನಾಯಿಯ ಸಾವನ್ನು ತಪ್ಪಿಸಲು ಹೆಣಗಿರಲಾರರು.

ಇಲ್ಲಿ ಒಂದು ಮಾತು ನಾನೇ ಸೇರಿಸಬೇಕು. ಆತಕೂರಿನ ಕಲ್ಲನ್ನು ನಾವು ಸಾಮಾನ್ಯವಾಗಿ ನಾಯಿಯ ನಿಷ್ಠೆಗೆ ಸಾಕ್ಷಿಯೆಂದು ಓದುತ್ತೇವೆ, ಅಥವಾ ಗಂಗರ ಕಾಲದ ಕನ್ನಡಕ್ಕೆ. ಅದು ಬೇಟೆಯ ಒಂದು ವರದಿಯೂ ಹೌದು. ಬಿಟ್ಟದ್ದು ಎಲ್ಲಿ, ಯಾವುದರ ಮೇಲೆ, ಆದದ್ದೇನು ಎಂಬ ಮೂರು ಸಂಗತಿಗಳನ್ನು ಅದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಹಂದಿ ದೊಡ್ಡದು ಎಂದು ಶಾಸನವೇ ಹೇಳುವುದರಿಂದ ಬಿಟ್ಟವರಿಗೂ ಅದು ಕಾಣದ ಸಂಗತಿಯಾಗಿರಲಿಲ್ಲ ಎನ್ನಬಹುದು. ಕವಚದ ತೀರ್ಮಾನಕ್ಕೆ ಬೇಕಾದ ಮೊದಲ ಮಾಹಿತಿಯೂ ಅದೇ: ಎದುರಿಗಿರುವುದು ಓಡುವ ಪ್ರಾಣಿಯೋ, ತಿರುಗಿ ನಿಲ್ಲುವ ಪ್ರಾಣಿಯೋ. ಮರಿಗಳ ಹಿಂಡಿನ ಜೊತೆಗಿರುವ ಹೆಣ್ಣುಹಂದಿ ಕಚ್ಚುತ್ತದೆ, ಒಂಟಿ ಗಂಡುಹಂದಿ ಸೀಳುತ್ತದೆ. ಹಾಗೆಂದು ಹಿರಿಯರ ವಾದ ಬಿದ್ದುಹೋಗಲಿಲ್ಲ, ಅವರ ಬಲವಾದ ಮಾತು ಇನ್ನು ಬರಬೇಕಷ್ಟೆ.

ಹಿರಿಯರು: ಪಾಪ ಯಾರದ್ದೋ ಇರಲಿ. ಈ ಊರಿನ ಬಿಸಿಲು ಯಾರದ್ದು? ಮೇ ತಿಂಗಳಲ್ಲಿ ನಾಗಪುರ 45 ಡಿಗ್ರಿ ದಾಟುವುದು ಹೊಸ ಸುದ್ದಿಯೇ ಅಲ್ಲ. ನಿನ್ನ ಬಾಗಲಕೋಟೆ ಜಿಲ್ಲೆಯೂ 40ಕ್ಕೆ ಹತ್ತಿರ ಕುದಿಯುತ್ತದೆ. ಕವಚ ಹುಟ್ಟಿದ್ದು ಹಿಮ ಬೀಳುವ ದೇಶದಲ್ಲಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ ಅಂತ ನೀನೇ ಓದಿರುತ್ತೀ. ಆ ಮೈಗೆ ದಪ್ಪ ಬಟ್ಟೆ ಬಿಗಿದು ಓಡಿಸಿದರೆ ಹಂದಿಯ ಕೋರೆಯೇ ಬೇಡ, ನಿನ್ನ ಕವಚವೇ ಅದನ್ನು ಕೊಲ್ಲುತ್ತದೆ. ಗಾಯವಾದರೆ ಹೊಲಿಯಬಹುದು ಅಂದೆಯಲ್ಲ, ಒಳಗೇ ಬೆಂದ ನಾಯಿಗೆ ಎಲ್ಲಿ ಹೊಲಿಗೆ ಹಾಕುತ್ತೀ?

ಕಿರಿಯ: ಈ ಮಾತಿಗೆ ನಾನು ತಲೆಬಾಗುತ್ತೇನೆ. ನಾಯಿಯ ಮೈಬಿಸಿ ಸುಮಾರು 38ರಿಂದ 39 ಡಿಗ್ರಿ. 41 ದಾಟಿದರೆ ಅಪಾಯ. ಮಿದುಳು, ಮೂತ್ರಪಿಂಡ, ಕರುಳು ಒಂದರ ಹಿಂದೆ ಒಂದು ಕೆಡುತ್ತವೆ. ಬೆವರು ಬರುವುದು ಅಂಗಾಲಿನಲ್ಲಿ ಮಾತ್ರ, ಉಳಿದ ಬಿಸಿಯೆಲ್ಲ ನಾಲಿಗೆ ಚಾಚಿ ತೇಕಿಯೇ ಹೊರಹೋಗಬೇಕು. ಪಂದ್ಯದ ಗ್ರೇಹೌಂಡ್‌ಗಳ ಮೈಬಿಸಿ ಒಂದು ಓಟ ಮುಗಿಯುವಷ್ಟರಲ್ಲಿ 41ರ ಹತ್ತಿರ ಹೋಗುತ್ತದೆ, ಅದೂ ಮೈಮೇಲೆ ದಪ್ಪ ಬಟ್ಟೆಯಿಲ್ಲದೆ. ಮುಧೋಳವೂ ಅದೇ ಜಾತಿಯ ಓಟಗಾರ. ರೋಮ ಕಡಿಮೆ ಇರುವ ಹೊಟ್ಟೆಯ ಕಡೆಯಿಂದ ಬಿಸಿ ಹೊರಹೋಗುವುದು ಸಲೀಸು. ಕವಚ ಮುಚ್ಚುವುದು ಅದನ್ನೇ. ಮಳೆಗಾಲದ ಕಥೆ ಇನ್ನೂ ಕಷ್ಟ. ಗಾಳಿಯಲ್ಲಿ ತೇವ ತುಂಬಿದಾಗ ತೇಕಿದರೂ ಆವಿಯಾಗುವುದಿಲ್ಲ, ನೆನೆದ ಕವಚ ತೂಕ ಬೇರೆ ಏರಿಸಿಕೊಂಡಿರುತ್ತದೆ. ಆಗಸ್ಟಿನ ಒದ್ದೆ ಸೆಕೆಯಲ್ಲಿ ಸೋಯಾ ಹೊಲ ಕಾಯುವ ನಾಯಿಗೆ 30 ಡಿಗ್ರಿಯೂ ಸಾಕು.

ಆದರೆ ಹಂದಿಯ ಪಂಚಾಂಗವನ್ನೂ ನೋಡಿ. ಅದು ಹೊಲಕ್ಕೆ ಬರುವುದು ರಾತ್ರಿ. ವಿದರ್ಭದಲ್ಲಿ ಹಿಂಗಾರಿನ ಕಡಲೆ ಹೊಲದಲ್ಲಿರುವುದು ನವೆಂಬರಿನಿಂದ ಫೆಬ್ರವರಿ, ಮಾರ್ಚ್ ತನಕ. ಡಿಸೆಂಬರಿನ ಇರುಳಿನಲ್ಲಿ ಇಲ್ಲಿ ಕಂಬಳಿ ಹೊದೆಯದೆ ಅಟ್ಟಣೆಯ ಮೇಲೆ ಕೂರಲಾಗುವುದಿಲ್ಲ. ಅಂಥ ಚಳಿಯಲ್ಲಿ ಹೊಲದೊಳಗೇ ನಾಲ್ಕು ಹೆಜ್ಜೆ ಓಡಿ ಬೊಗಳುವ ನಾಯಿಗೆ ಕವಚದಿಂದ ಸೆಕೆಯ ಅಪಾಯ ಕಡಿಮೆ. ಬೇಸಿಗೆಯಲ್ಲಿ ಕಾಯಲು ಕಡಲೆಯೇ ಇರುವುದಿಲ್ಲ. ಅಂದರೆ ಕವಚ ಹೆಚ್ಚು ಬೇಕಾದ ತಿಂಗಳು, ನಾಯಿ ಕವಚವನ್ನು ತಡೆದುಕೊಳ್ಳಬಲ್ಲ ತಿಂಗಳು ಬಹುಪಾಲು ಒಂದರ ಮೇಲೊಂದು ಕೂರುತ್ತವೆ. ಕೂರದೆ ಇರುವ ಮಳೆಗಾಲದ ಸೋಯಾ, ತೊಗರಿಯಲ್ಲಿ ನನ್ನ ತೀರ್ಮಾನ ಸರಳ: ಹಂದಿಯನ್ನು ನೋಡಿದರೆ ಕವಚ ಬೇಕು, ಸೆಕೆಯನ್ನು ನೋಡಿದರೆ ಬೇಡ ಅಂತಾದರೆ ಆ ಹೊತ್ತಿಗೆ ನಾಯಿಯನ್ನೇ ಬಿಡಬಾರದು. ಕಟ್ಟಿಹಾಕಿದ ನಾಯಿಯೂ ಬೊಗಳುತ್ತದೆ, ಬೊಗಳಿದರೆ ರೈತ ಏಳುತ್ತಾನೆ.

ಹಿರಿಯರು: ನಾಯಿ ಕಟ್ಟಿಹಾಕಿ ಅಂತ ಕಾಲೇಜಿನಲ್ಲಿ ಕೂತು ಹೇಳುವುದು ಸುಲಭ. ಹಂದಿಯ ಹಿಂಡು ಒಂದು ರಾತ್ರಿಗೆ ಹೊಲ ಉತ್ತಂತೆ ಮಾಡಿ ಹೋಗುತ್ತದೆ. ಎದ್ದ ರೈತ ಮಾಡುವುದಾದರೂ ಏನು? ತಗಡು ಬಡಿಯಬೇಕು, ಪಟಾಕಿ ಹಚ್ಚಬೇಕು. ಎರಡು ದಿನಕ್ಕೆ ಹಂದಿ ಅದಕ್ಕೂ ಒಗ್ಗಿಕೊಳ್ಳುತ್ತದೆ. ಬಿಟ್ಟ ನಾಯಿಗೆ ಹೆದರುವಷ್ಟು ಅದು ಬೇರೆ ಯಾವುದಕ್ಕೂ ಹೆದರುವುದಿಲ್ಲ. ನೀನು ನಾಯಿಯ ಜೀವ ಉಳಿಸಿದೆ, ಬೆಳೆಗೆ ಯಾರು ಜವಾಬ್ದಾರಿ? ಪರಿಹಾರದ ಅರ್ಜಿ ಬರೆದು ಪಂಚನಾಮೆಗೆ ಕಾಯುವವನಿಗೆ ನಿನ್ನ ಥರ್ಮಾಮೀಟರ್ ತೋರಿಸಿ ನೋಡು.

ಕಿರಿಯ: ಅವನ ಕಷ್ಟ ನನಗೆ ಗೊತ್ತಿದೆ. ಅವನಿಗೆ ಬೆಳೆಯೂ ಹೋಗಿ ನಾಯಿಯೂ ಹೋಗುವುದು ಬೇಡ ಅಂತಲೇ ಹೇಳುತ್ತಿದ್ದೇನೆ. ನಾಯಿ ಸತ್ತ ಮರುದಿನವೂ ಹಂದಿ ಬರುತ್ತದಲ್ಲ.

ಹಿರಿಯರು: ಬರುತ್ತದೆ. ಚಿರತೆಯೂ ಬರುತ್ತದೆ. ಮಲೆನಾಡಿನಲ್ಲಿ ನಾಯಿ ಸಾಕಿದವರಿಗೆ ಹಂದಿಗಿಂತ ಚಿರತೆಯದೇ ಹೆದರಿಕೆ. ಅದು ಎದೆ, ಹೊಟ್ಟೆ ಅಂತ ಹುಡುಕುವುದಿಲ್ಲ. ಕುತ್ತಿಗೆಗೇ ಬಾಯಿ ಹಾಕುತ್ತದೆ, ಜಗಲಿಯಿಂದಲೇ ಎತ್ತಿಕೊಂಡು ಹೋಗುತ್ತದೆ. ನಿನ್ನ ಕೆವ್ಲಾರ್ ಅಂಗಿ ತೊಟ್ಟ ನಾಯಿಯನ್ನು ಅಂಗಿ ಸಮೇತ ಒಯ್ಯುತ್ತದೆ. ಇನ್ನು ಮನುಷ್ಯ ಒಡ್ಡಿದ ಅಪಾಯಗಳು: ಬೇಲಿಗೆ ಕಳ್ಳತನದಿಂದ ಹರಿಸಿದ ಕರೆಂಟು, ಬೈಕಿನ ಕ್ಲಚ್ ತಂತಿಯ ಉರುಳು, ಹಂದಿಗೆಂದು ಹಣ್ಣಿನಲ್ಲಿಟ್ಟ ಸಿಡಿಮದ್ದು. 2020ರಲ್ಲಿ ಕೇರಳದ ಪಾಲಕ್ಕಾಡ್ ಕಡೆ ಅಂಥ ಸಿಡಿಮದ್ದಿಗೆ ಬಾಯಿ ಹಾಕಿ ಬಸುರಿ ಆನೆಯೇ ಸತ್ತಿತು, ನಾಯಿ ಯಾವ ಲೆಕ್ಕ? ನಾಯಿ ಸಾಯುವ ಹತ್ತು ದಾರಿಯಲ್ಲಿ ಒಂದನ್ನು ಮುಚ್ಚಿ ಧೈರ್ಯ ತಂದುಕೊಳ್ಳುತ್ತೀರಿ. ಆ ಧೈರ್ಯವೇ ನನಗೆ ಹೆದರಿಕೆ.

ಕಿರಿಯ: ಚಿರತೆಯ ವಿಷಯದಲ್ಲಿ ನಿಮ್ಮ ಮಾತಿಗೆ ಅಧ್ಯಯನದ ಬಲವೇ ಇದೆ. ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಇದೇ ಮಹಾರಾಷ್ಟ್ರದ ಆಗಿನ ಅಹಮದ್‌ನಗರ ಜಿಲ್ಲೆಯ ಅಕೋಲೆಯಲ್ಲಿ ಚಿರತೆಯ ಆಹಾರ ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ತಿಂದ ಮಾಂಸದ ತೂಕದಲ್ಲಿ ಶೇಕಡ 39ರಷ್ಟು ನಾಯಿಯದ್ದೇ. ಕಾಡಿಲ್ಲದ ಕಬ್ಬಿನ ಗದ್ದೆಗಳ ಊರಿನಲ್ಲಿ ಇಷ್ಟು. ಹಾಗಾಗಿ ಚಿರತೆ ಓಡಾಡುವ ಕಡೆ ಎದೆಗವಚಕ್ಕಿಂತ ಕೊರಳ ಪಟ್ಟಿ ಮುಖ್ಯ. ಹಿಮಾಲಯದ ಗದ್ದಿ ಕುರುಬರು ತಮ್ಮ ನಾಯಿಗಳಿಗೆ ಹೊರಗೆ ಮುಳ್ಳಿರುವ ಕಬ್ಬಿಣದ ಪಟ್ಟಿ ಕಟ್ಟುವುದು ಅದಕ್ಕೇ. ಚಿರತೆ ಹಲ್ಲೂರುವ ಜಾಗಕ್ಕೇ ಮುಳ್ಳು. ಅವರು ನಾಯಿಯನ್ನು ಪೂರ್ತಿ ಮುಚ್ಚಲು ಹೋಗಲಿಲ್ಲ, ವೈರಿ ಎಲ್ಲಿ ಹಿಡಿಯುತ್ತದೆ ಅನ್ನುವುದನ್ನು ನೋಡಿದರು. ನಾನು ಕೇಳುತ್ತಿರುವುದೂ ಅಷ್ಟೇ. ಉರುಳು, ಸಿಡಿಮದ್ದಿಗೆ ಕವಚ ಉತ್ತರವಲ್ಲ, ಒಪ್ಪಿದೆ. ಆದರೆ ಮಳೆಗೆ ಕೊಡೆ ಹಿಡಿದವನನ್ನು ಸಿಡಿಲು ತಡೆಯಲಿಲ್ಲ ಅಂತ ಬೈಯಬಾರದು.

ಹಿರಿಯರು: ಕೊಡೆ ಹಿಡಿದಿದ್ದೇನೆ ಅಂತ ಸಿಡಿಲಿನಲ್ಲಿ ಬಯಲಿಗೆ ಹೋದವನನ್ನು ಬೈಯಬಹುದಲ್ಲ? ನಾನು ಹೇಳುತ್ತಿರುವುದು ಅದೇ. ಹಂದಿಗೆ ಎದುರಾದ ನಾಯಿಗಳಲ್ಲಿ ಎರಡು ಬಗೆ. ಒಂದು, ದೂರ ನಿಂತು ಸುತ್ತುತ್ತ ಬೊಗಳಿ ಹಂದಿಯನ್ನು ಅಲ್ಲೇ ನಿಲ್ಲಿಸುವುದು. ಇನ್ನೊಂದು, ನುಗ್ಗಿ ಕಿವಿಗೋ ಕೆನ್ನೆಗೋ ಬಾಯಿ ಹಾಕಿ ಕಚ್ಚಿ ಹಿಡಿಯುವುದು. ಮೊದಲನೆಯದು ಮುದಿಯಾಗುವ ತನಕ ಬದುಕುತ್ತದೆ. ಎಳೆ ನಾಯಿ ಮೊದಲ ಸಲ ಕೋರೆಯ ತುದಿ ತಾಗಿಸಿಕೊಂಡಾಗ ಎಷ್ಟು ದೂರ ನಿಲ್ಲಬೇಕು ಎಂದು ಕಲಿಯುತ್ತದೆ. ಕವಚ ತೊಟ್ಟು ಎರಡು ಸಲ ಏನೂ ಆಗದೆ ಬಂದ ನಾಯಿ ಹತ್ತಿರ ಹೋದರೂ ಏನೂ ಆಗುವುದಿಲ್ಲ ಅಂತ ಕಲಿಯುತ್ತದೆ. ಒಂದು ದಿನ ಕವಚ ಮರೆತು ಬಿಡು ನೋಡೋಣ.

ಕಿರಿಯ: ಇದು ನನಗೂ ಕಾಡುವ ಪ್ರಶ್ನೆಯೇ. ಪೆಟ್ಟು ತಿಂದು ಕಲಿಯುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಕಲಿಸುವ ಪೆಟ್ಟು ಸಣ್ಣದಾಗಿಯೇ ಬೀಳುತ್ತದೆ ಅನ್ನುವ ಖಾತರಿ ಯಾರು ಕೊಡುತ್ತಾರೆ? ಬದುಕಿ ಕಲಿತ ನಾಯಿಗಳು ನಿಮ್ಮ ನೆನಪಿನಲ್ಲಿ ಉಳಿದಿವೆ, ಮೊದಲ ಪಾಠದಲ್ಲೇ ಕರುಳು ಹೊರಬಂದು ಸತ್ತವುಗಳ ಲೆಕ್ಕ ಯಾರೂ ಇಟ್ಟಿಲ್ಲ. ನೀವು ಮಾಡಿದ ಎರಡು ಬಗೆಯನ್ನೇ ಹಿಡಿದು ಹೇಳುತ್ತೇನೆ. ದೂರ ನಿಂತು ಬೊಗಳುವ ನಾಯಿಗೆ ಹಗುರವಾದ ಎದೆಪಟ್ಟಿ ಸಾಕು, ಸೆಕೆಯಿದ್ದರೆ ಅದೂ ಬೇಡ. ನುಗ್ಗಿ ಹಿಡಿಯುವ ನಾಯಿಗೆ ಕವಚವೂ ಕೊರಳ ಪಟ್ಟಿಯೂ ಎರಡೂ ಬೇಕು; ಇಲ್ಲದೆ ಅದನ್ನು ಹಂದಿಯಿರುವ ಹೊಲಕ್ಕೆ ಒಯ್ಯಲೇಬಾರದು. ಇನ್ನೊಂದು ಸಂಗತಿ. ಕವಚ ತೊಟ್ಟಿದ್ದೇನೆ ಅಂತ ನಾಯಿಗೆ ಗೊತ್ತಾಗುವುದಿಲ್ಲ, ಮಾಲೀಕನಿಗೆ ಗೊತ್ತಿರುತ್ತದೆ. ಉಬ್ಬುವುದು ಅವನ ಧೈರ್ಯ. ನಿನ್ನೆ ಕಟ್ಟಿಹಾಕುತ್ತಿದ್ದ ಕಡೆ ಇವತ್ತು ಬಿಡುವವನು ಅವನು.

ಹಿರಿಯರು: ಹಾಗಾದರೆ ನನ್ನ ಮಾತನ್ನೇ ನೀನು ಹೇಳಿದ ಹಾಗಾಯಿತು.

ಕಿರಿಯ: ಅರ್ಧ. ಅವನ ಧೈರ್ಯ ಉಬ್ಬುತ್ತದೆ ಅಂತ ನಾಯಿಯ ಮೈ ಬರಿದಾಗಿಡುವುದು ಶಿಕ್ಷೆಯನ್ನು ಬೇರೆಯವರಿಗೆ ಕೊಟ್ಟ ಹಾಗೆ. ಬಂಡೀಪುರದಲ್ಲಿ ದುಡಿದ ರಾಣಾನಂಥ ಅರಣ್ಯ ಇಲಾಖೆಯ ನಾಯಿಗಳನ್ನು ನೋಡಿ. ಅವು ವಾಸನೆ ಹಿಡಿದು ಹೋಗುವಾಗ ಹಗ್ಗದ ಇನ್ನೊಂದು ತುದಿ ಪಾಲಕನ ಕೈಯಲ್ಲಿರುತ್ತದೆ. ನಾಯಿ ತೇಕಿದರೆ ಅವನು ನಿಲ್ಲಿಸಬಹುದು, ಕವಚ ಬಿಚ್ಚಬಹುದು, ನೀರು ಕುಡಿಸಬಹುದು. ಹಗ್ಗವಿರುವ ತನಕ ತೀರ್ಮಾನ ಹೆಜ್ಜೆಹೆಜ್ಜೆಗೂ ಬದಲಾಗಬಹುದು. ಬಿಚ್ಚಿದ ಮೇಲೆ ನಾಯಿ ಕೂಗಿದರೂ ಕೇಳಿಸದ ದೂರಕ್ಕೆ ಹೋಗಿಬಿಡುತ್ತದೆ. ಕವಚದೊಳಗೆ ಬೇಯುತ್ತಿದೆಯೋ, ಅದರ ಪಟ್ಟಿ ಜಾಲಿಯ ಕೊಂಬೆಗೆ ಸಿಕ್ಕಿ ನೇತಾಡುತ್ತಿದೆಯೋ ನಮಗೆ ತಿಳಿಯುವುದಿಲ್ಲ. ಆದ್ದರಿಂದ ಹಂದಿ ಯಾವುದು, ಗಾಳಿಯಲ್ಲಿ ಸೆಕೆ ಎಷ್ಟು, ನಾಯಿ ಎಷ್ಟು ದೂರ ಓಡಬಹುದು, ಗಾಯವಾದರೆ ಹತ್ತಿರದ ಪಶುವೈದ್ಯರು ಎಷ್ಟು ಗಂಟೆಯ ದಾರಿ, ಇಷ್ಟನ್ನೂ ಬಿಚ್ಚುವ ಮೊದಲೇ ಯೋಚಿಸಿ ಮುಗಿಸಿರಬೇಕು.

ಹಿರಿಯರು: ರಾತ್ರಿ ಎರಡು ಗಂಟೆಗೆ, ಹಂದಿ ಹೊಲದೊಳಗಿರುವಾಗ, ಕಣ್ಣುಜ್ಜುತ್ತ ಎದ್ದವನು ಇಷ್ಟೆಲ್ಲ ಯೋಚಿಸುತ್ತಾನೆಯೇ?

ಕಿರಿಯ: ಇಲ್ಲ. ಸಂಜೆ ಹೊಲಕ್ಕೆ ಹೊರಡುವಾಗ ಯೋಚಿಸಬೇಕು. ಸಂಜೆಯೇ ಕವಚ ತೊಡಿಸಿ ಅರ್ಧ ಗಂಟೆ ಓಡಾಡಿಸಿದರೆ ನಾಯಿ ತೇಕುತ್ತದೋ ಇಲ್ಲವೋ ಕಾಣುತ್ತದೆ. ತೇಕಿದರೆ ಆ ರಾತ್ರಿ ನಾಯಿಗೆ ಹಗ್ಗ.

ಈ ಕೊನೆಯ ಸಲಹೆಯಲ್ಲಿ ಒಂದು ಸಣ್ಣ ಬಿರುಕಿದೆ, ಹಿರಿಯರು ಅದನ್ನು ಹಿಡಿಯಲಿಲ್ಲ. ಸಂಜೆ ಆರಕ್ಕೆ ಸುಮ್ಮನೆ ಓಡಾಡುವಾಗ ತೇಕದ ನಾಯಿ ಹಂದಿಯನ್ನು ಕಂಡು ಪೂರ್ತಿ ವೇಗದಲ್ಲಿ ಓಡಿದಾಗ ತೇಕಲಾರದು ಎನ್ನಲಾಗುವುದಿಲ್ಲ. ಗ್ರೇಹೌಂಡಿನ ಉದಾಹರಣೆ ಕೊಟ್ಟವನೇ ಅದನ್ನು ಮರೆತಂತಿದೆ. ಆದರೂ ತೀರ್ಮಾನವನ್ನು ನಡುರಾತ್ರಿಯಿಂದ ಸಂಜೆಗೆ ತಂದದ್ದು ಕೆಲಸಕ್ಕೆ ಬರುವ ಮಾತು. ತಪ್ಪುವುದಿದ್ದರೂ ಗಾಬರಿಯಿಲ್ಲದೆ ತಪ್ಪಬಹುದು, ಮರುದಿನ ತಿದ್ದಿಕೊಳ್ಳಬಹುದು. ಹಿರಿಯರು ಹಿಡಿದದ್ದು ಬೇರೆ ಎಳೆಯನ್ನು.

ಹಿರಿಯರು: ಆಯಿತು, ತೊಡಿಸುತ್ತೇನೆ ಅಂತಲೇ ಇಟ್ಟುಕೋ. ತೊಡಿಸುವುದೇನನ್ನು? ಅಂಗಡಿಯಲ್ಲಿ ಸಿಗುವುದೆಲ್ಲ ಬೇರೆ ದೇಶದ ದಪ್ಪ ನಾಯಿಯ ಅಳತೆ. ಮುಧೋಳಕ್ಕೆ ಎದೆ ಸರಿಹೋದರೆ ಸೊಂಟದಲ್ಲಿ ಜೋತಾಡುತ್ತದೆ, ಸೊಂಟಕ್ಕೆ ಬಿಗಿದರೆ ಎದೆ ಅಮುಕಿ ಉಸಿರಾಡಲಾಗುವುದಿಲ್ಲ. ಮುಂಗಾಲಿನ ಕಂಕುಳಲ್ಲಿ ಉಜ್ಜಿ ಉಜ್ಜಿ ಹುಣ್ಣಾಗುತ್ತದೆ. ಬೆಲೆಯಂತೂ ಕೇಳಲೇಬೇಡ, ಕಡಲೆ ಹೊಲದವನು ಕೊಡುವಂಥದ್ದಲ್ಲ.

ಕಿರಿಯ: ಹೊಲಿಸಬೇಕು. ಬ್ಯಾಗು, ಸೀಟು ಹೊಲಿಯುವ ದರ್ಜಿಗಳಲ್ಲಿ ದಪ್ಪ ಕ್ಯಾನ್ವಾಸ್ ಹೊಲಿಯುವ ಮಶೀನು ಇರುತ್ತದೆ. ಎರಡು ಮೂರು ಪದರ ಇಟ್ಟು ಹೊಲಿದರೆ ಕೆವ್ಲಾರ್ ಆಗಲಿಕ್ಕಿಲ್ಲ, ನೇರವಾಗಿ ನೆಟ್ಟ ಕೋರೆಯನ್ನೂ ತಡೆಯಲಿಕ್ಕಿಲ್ಲ. ಜಾರಿ ಹೋಗುವ ಏಟು ಚರ್ಮಕ್ಕೆ ಮುಟ್ಟದೆ ಹೋದರೆ ಅಷ್ಟೇ ಲಾಭ. ಬೆನ್ನು ಖಾಲಿ ಬಿಡಬೇಕು, ಗಾಳಿ ಆಡಲಿ. ಹಂದಿ ಬೆನ್ನಿಗೆ ಹೊಡೆಯುವುದು ಅಪರೂಪ. ಎದೆಯ ಮುಂಭಾಗ, ಪಕ್ಕೆಯ ಕೆಳಭಾಗ, ಹೊಟ್ಟೆ ಇಷ್ಟೇ ಮುಚ್ಚಿದರೆ ತೂಕವೂ ಇಳಿಯುತ್ತದೆ. ಪಟ್ಟಿಗಳು ಎಲ್ಲಾದರೂ ಸಿಕ್ಕಿಕೊಂಡರೆ ಎಳೆತಕ್ಕೆ ತಾವೇ ಕಿತ್ತುಬರುವಂತಿರಬೇಕು. ಒಂದು ಹೊಳೆಯುವ ಪಟ್ಟಿಯನ್ನೂ ಸೇರಿಸಿ ಹೊಲಿದರೆ ರಸ್ತೆಗೆ ಓಡಿದರೂ ಲಾರಿಯವನಿಗೆ ಕಾಣುತ್ತದೆ. ಮೊದಲು ಹೊಟ್ಟೆಯ ಭಾಗ ಹೊಲಿಸುತ್ತೇನೆ.

ಹಿರಿಯರು: ಮೊದಲು ಕೊರಳ ಪಟ್ಟಿ. ಇರುವ ದುಡ್ಡಿಗೆ ಒಂದೇ ಆಗುವುದಾದರೆ ಕೊರಳು. ಪೆಂಚ್ ಕಾಡಿನ ಪಕ್ಕ ಕೂತು ಚಿರತೆಯನ್ನು ಮರೆಯಬೇಡ.

ಕಿರಿಯ: ಕಡಲೆ ಹೊಲಕ್ಕೆ ಬರುವುದು ಹಂದಿ ಕಾಕಾ. ಹೊಟ್ಟೆ ಮೊದಲು.

ಹಿರಿಯರು: ಹೊಲದಿಂದ ಮನೆಗೆ ಬಂದು ಅಂಗಳದಲ್ಲಿ ಮಲಗುವುದೂ ಅದೇ ನಾಯಿ ತಾನೆ? ಅಲ್ಲಿಗೆ ಬರುವುದು ಯಾವುದು, ಹೇಳು.